ತೊಡೆ ಸಂದಿನ ಆ ಹುರಿ

ಕೊಡಗಿನಲ್ಲಿ ಏಪ್ರಿಲ್ ಬಂದರೆ ನನ್ನ ಕ್ಲಿನಿಕ್‌ಗೆ "ತೊಡೆ ಸಂದು ಹಿಡಿದಿದೆ" ಎಂದು ಬರುವವರು ಜಾಸ್ತಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ, ವರ್ಷವಿಡೀ ಸ್ಟಿಕ್ ಮುಟ್ಟದವರೂ ಇಳಿಯುತ್ತಾರೆ. ನಾನೂ ನಮ್ಮ ಮನೆತನದ ತಂಡಕ್ಕೆ ಆಡುತ್ತೇನೆ. ಫಿಸಿಯೋಥೆರಪಿ ನನ್ನ ಕೆಲಸ. ಆದರೂ ಅಡಕ್ಟರ್ ಲಾಂಗಸ್ ಎಂಬ ಒಳತೊಡೆಯ ಸ್ನಾಯು ನನಗೆ ಸರಿಯಾಗಿ ಅರ್ಥವಾದದ್ದು ನನ್ನದೇ ಕಾಲಿಗೆ ಪೆಟ್ಟಾದ ಮೇಲೆ.

ಎಡಗಾಲು ಮುಂದಿಟ್ಟು, ಬಾಗಿ ಚೆಂಡು ತಡೆಯಲು ಹೋದೆ. ಹಿಂದಿದ್ದ ಬಲಗಾಲು ಒಣಮಣ್ಣಿನಲ್ಲಿ ಹೊರಕ್ಕೆ ಜಾರಿತು. ಸಂದಿನಲ್ಲಿ ಚುರುಕ್ ಅಂತು. ಓಡಲು ಆಗಲಿಲ್ಲ.

ಮನೆಗೆ ಬಂದು ಮೊದಲು ಬೆರಳಿಟ್ಟು ಹುಡುಕಿದೆ. ನೀವೂ ನೋಡಬಹುದು. ಅಂಗಾತ ಮಲಗಿ, ಮಂಡಿ ಮಡಚಿ, ಹೊರಕ್ಕೆ ಬೀಳಲು ಬಿಡಿ. ಸಂದಿನ ಹತ್ತಿರ ಬಿಗಿದ ಹಗ್ಗದಂತೆ ಒಂದು ಹುರಿ ಎದ್ದು ನಿಲ್ಲುತ್ತದೆ. ಜನ ಇದನ್ನೇ "ನರ ಎಳೆದಿದೆ" ಅನ್ನುವುದು. ಅದು ನರ ಅಲ್ಲ, ಅಡಕ್ಟರ್ ಲಾಂಗಸ್‌ನ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಸೊಂಟದ ಮುಂಭಾಗದ ಪ್ಯೂಬಿಸ್ ಮೂಳೆಯಿಂದ ಹೊರಡುತ್ತದೆ. ಅಲ್ಲಿ ಮುಂಬದಿಯಲ್ಲಿ ಹುರಿ, ಹಿಂಬದಿಯಲ್ಲಿ ಮಾಂಸ. ಕೆಳಗೆ ಹೋಗುತ್ತಾ ಬೀಸಣಿಗೆಯಂತೆ ಅಗಲವಾಗಿ, ತೊಡೆ ಮೂಳೆಯ ಹಿಂಭಾಗದ ಏಣಿನ ನಡುಭಾಗಕ್ಕೆ ಅಂಟಿಕೊಳ್ಳುತ್ತದೆ. ಕೈಗೆ ಸಿಗುವುದು ಮುಂದೆ, ಹಿಡಿತ ಇರುವುದು ಹಿಂದೆ! ಓದುವಾಗ ನನಗೆ ಇದು ತಲೆಗೆ ಹತ್ತಿರಲಿಲ್ಲ.

ಒಳತೊಡೆಯ ಈ ಸ್ನಾಯುಗುಂಪಿನಲ್ಲಿ ಲಾಂಗಸ್ ಜೊತೆ ಇನ್ನೂ ನಾಲ್ಕು ಸ್ನಾಯುಗಳಿವೆ: ಪೆಕ್ಟಿನಿಯಸ್, ಬ್ರೆವಿಸ್, ಮ್ಯಾಗ್ನಸ್, ಗ್ರ್ಯಾಸಿಲಿಸ್. ಮಂಡಿ ದಾಟಿ ಮೊಣಕಾಲಿನ ಕೆಳಗಿನ ಮೂಳೆಗೆ ಹೋಗುವುದು ಗ್ರ್ಯಾಸಿಲಿಸ್ ಒಂದೇ. ಆದರೆ ಆಟಗಾರರಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಲಾಂಗಸ್.

ಏಕೆ? ಕಾಲುಗಳನ್ನು ಹತ್ತಿರ ತರುವುದು ಇದರ ಕೆಲಸ ಎಂದು ಪುಸ್ತಕ ಹೇಳುತ್ತದೆ. ಪೆಟ್ಟಾಗುವುದು ಮಾತ್ರ ಕಾಲು ದೂರ ಹೋಗುವಾಗ. ತೋಟದಲ್ಲಿ ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಯುವುದನ್ನು ನೋಡಿದ್ದೀರಲ್ವಾ? ಕಡಿದ ಕೊಂಬೆಗೆ ಹಗ್ಗ ಕಟ್ಟಿ, ಕಾಫಿ ಗಿಡದ ಮೇಲೆ ಬೀಳದಂತೆ ನಿಧಾನಕ್ಕೆ ಬಿಡುತ್ತಾರೆ. ಹಗ್ಗ ಉದ್ದವಾಗುತ್ತಲೇ ಭಾರ ಹಿಡಿದಿರುತ್ತದೆ. ಜಾರುವ ಕಾಲನ್ನು ತಡೆಯುವಾಗ ಈ ಸ್ನಾಯು ಮಾಡುವುದೂ ಅದನ್ನೇ. ಕೊಂಬೆ ದಿಢೀರ್ ಜಾರಿದರೆ ಹಗ್ಗ ಹರಿಯುತ್ತದೆ.

ಇದು ಗೊತ್ತಿದ್ದೂ ಮರುದಿನ ಬೆಳಿಗ್ಗೆ ನಾನು ಸ್ಟ್ರೆಚ್ ಮಾಡಿದೆ. ತಪ್ಪು ಮಾಡಿದೆ. ನೋವು ದುಪ್ಪಟ್ಟಾಯಿತು. ಹರಿದ ಎಳೆಗಳನ್ನು ಇನ್ನೂ ಎಳೆದರೆ ಏನಾಗುತ್ತದೆ ಹೇಳಿ. ಆ ದಿನವೇ ಬಿಟ್ಟೆ.

ನಂತರ ಹಿಡಿದ ದಾರಿ ಬೇರೆ. ಮಲಗಿ, ಮಂಡಿಗಳ ನಡುವೆ ಹಳೆಯ ಫುಟ್‌ಬಾಲ್ ಇಟ್ಟು ಮೆತ್ತಗೆ ಒತ್ತಿದೆ. ಐದು ಸೆಕೆಂಡು ಒತ್ತಿ ಬಿಡುವುದು. ಸ್ವಲ್ಪ ನೋವು ಪರವಾಗಿಲ್ಲ, ಆದರೆ ಮರುದಿನ ಜಾಸ್ತಿ ಆಗಬಾರದು. ಅದೊಂದೇ ನನ್ನ ಅಳತೆಗೋಲು. ಒತ್ತುವಾಗ ನೋವು ಹೋದ ಮೇಲೆ ರಬ್ಬರ್ ಬ್ಯಾಂಡ್. ಆಮೇಲೆ ಕೋಪನ್‌ಹೇಗನ್ ವ್ಯಾಯಾಮ: ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು, ಆ ಕಾಲಿನ ಬಲದಿಂದಲೇ ಸೊಂಟ ಎತ್ತಿ, ನಿಧಾನವಾಗಿ ಇಳಿಸುವುದು. ಇಳಿಸುವ ಭಾಗವೇ ಮುಖ್ಯ, ಹಗ್ಗ ಬಿಡುವ ಕೆಲಸ ಇರುವುದು ಅಲ್ಲಿ. ಮೊದಲು ಬೆಂಚಿನ ಮೇಲೆ ಮಂಡಿ ಇಟ್ಟೆ, ಗಟ್ಟಿಯಾದ ಮೇಲೆ ಪಾದ. ನೇರ ಓಟ, ಬಳಿಕ ತಿರುವಿನ ಓಟ. ಸ್ಟಿಕ್ ಹಿಡಿದದ್ದು ಏಳನೇ ವಾರದಲ್ಲಿ.

ಸಂದಿನ ನೋವೆಲ್ಲ ಇದೇ ಅಲ್ಲ. ಕೆಮ್ಮಿದಾಗ ಉಬ್ಬಿದರೆ ಹರ್ನಿಯಾ ಇರಬಹುದು. ಕಾಲಿನ ಮೇಲೆ ಭಾರ ಹಾಕಲೇ ಆಗದಿದ್ದರೆ, ಒಳತೊಡೆ ತುಂಬಾ ಕಪ್ಪಾದರೆ, ವ್ಯಾಯಾಮ ಬಿಟ್ಟು ವೈದ್ಯರಿಗೆ ತೋರಿಸಿ.

ಈಗ ಫೆಬ್ರವರಿಯಲ್ಲೇ ನಮ್ಮ ಹುಡುಗರನ್ನು ಸಂಜೆ ಕಾಫಿ ಕಣಕ್ಕೆ ಕರೆಯುತ್ತೇನೆ. ಬೀಜ ಚೀಲಕ್ಕೆ ತುಂಬಿ ಖಾಲಿಯಾದ ಕಡೆ ಎರಡು ಬೆಂಚು ಹಾಕಿ, ಇಬ್ಬಿಬ್ಬರು ಸೊಂಟ ಎತ್ತುತ್ತಾರೆ, ನಾನು ಪಕ್ಕದಲ್ಲಿ ನಿಂತು "ನಿಧಾನಕ್ಕೆ ಇಳಿಸು" ಎನ್ನುತ್ತಿರುತ್ತೇನೆ.