ಕಕ್ಕಡದ ಮಳೆಗೆ ಲೆಕ್ಕ ಹಾಕಿ: ಶಾಲೆಯ ಕ್ಯಾಮೆರಾಗಳಿಗೆ ಎಷ್ಟು ಟಿಬಿ ಬೇಕು?

ಕಕ್ಕಡ ಅಂದರೆ ಕೊಡಗಿನಲ್ಲಿ ಜೋರು ಮಳೆಯ ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಮಡಿಕೇರಿ ಕಡೆಯ ಶಾಲೆ, 16 ಕ್ಯಾಮೆರಾ. ಎಲ್ಲವೂ 2 ಮೆಗಾಪಿಕ್ಸೆಲ್, ಎಚ್.265 (ವಿಡಿಯೊ ಕುಗ್ಗಿಸುವ ವಿಧಾನ), ಸೆಕೆಂಡಿಗೆ 15 ಫ್ರೇಮ್, ಬಿಟ್‌ರೇಟ್ ಮಿತಿ 2 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 2 ಮೆಗಾಬಿಟ್ ಡೇಟಾ. ರೆಕಾರ್ಡಿಂಗ್ 30 ದಿನ ಉಳಿಯಬೇಕು. ಸಿಬಿಎಸ್‌ಇ 2025ರ ಜುಲೈಯಲ್ಲಿ ತಂದ ನಿಯಮ ಕನಿಷ್ಠ 15 ದಿನ ಅನ್ನುತ್ತದೆ. ಆದರೆ ದಸರಾ ರಜೆಯ ಹಿಂದಿನ ದಿನ ಏನಾದರೂ ಆದರೆ ಅದನ್ನು ಕೇಳಿಕೊಂಡು ಬರುವುದು ಶಾಲೆ ತೆರೆದ ಮೇಲೆಯೇ. ಅದಕ್ಕೇ 30.

ಮೂಲ ಲೆಕ್ಕ ಸುಲಭ. 1 ಎಂಬಿಪಿಎಸ್ ಅಂದರೆ ಗಂಟೆಗೆ 0.45 ಜಿಬಿ, ದಿನಕ್ಕೆ 10.8 ಜಿಬಿ. ನಮ್ಮ 2 ಎಂಬಿಪಿಎಸ್‌ಗೆ ಗಂಟೆಗೆ 0.9 ಜಿಬಿ. 16 ಕ್ಯಾಮೆರಾ ಹಗಲು ರಾತ್ರಿ ಓಡಿದರೆ 30 ದಿನಕ್ಕೆ 10.4 ಟಿಬಿ. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡಿಸುವುದು ಇದನ್ನು ಇಳಿಸಲಿಕ್ಕೆ. ಇಳಿಯುವುದು ಎಷ್ಟು ಅನ್ನುವುದರಲ್ಲೇ ಎಲ್ಲರೂ ಎಡವುವುದು.

ಬೇಸಿಗೆಯಲ್ಲಿ ಮೂರು ಶಾಲಾ ದಿನ ಓಡಿಸಿ, ಎನ್‌ವಿಆರ್‌ನ (ಎಲ್ಲ ಕ್ಯಾಮೆರಾಗಳ ಚಿತ್ರ ಡಿಸ್ಕಿಗೆ ಬರೆಯುವ ಪೆಟ್ಟಿಗೆ) ಪ್ಲೇಬ್ಯಾಕ್ ಪಟ್ಟಿಯಲ್ಲಿ ಬಣ್ಣ ತುಂಬಿದ ಗಂಟೆಗಳನ್ನು ಎಣಿಸಿದೆವು. ಗೇಟ್ ಮತ್ತು ಬಸ್ ನಿಲ್ಲುವ ಜಾಗದ 4 ಕ್ಯಾಮೆರಾ ತಲಾ 10 ಗಂಟೆ, ವರಾಂಡ ಮತ್ತು ಮೆಟ್ಟಿಲಿನ 8 ತಲಾ 5, ಲ್ಯಾಬ್, ಆಫೀಸು, ಸ್ಟೋರಿನ 4 ತಲಾ 3. ಒಟ್ಟು 92 ಗಂಟೆ, ದಿನಕ್ಕೆ ಸುಮಾರು 83 ಜಿಬಿ, ತಿಂಗಳಿಗೆ 2.5 ಟಿಬಿ. ಇದನ್ನು ನಂಬಿ 3 ಟಿಬಿ ಡಿಸ್ಕ್ ಹಾಕಿಬಿಟ್ಟರೆ ಜುಲೈಯಲ್ಲಿ ಕೈ ಕೊಡುತ್ತದೆ.

ಮಳೆಗಾಲದಲ್ಲಿ ಅದೇ ಗೇಟ್ ಕ್ಯಾಮೆರಾ 18 ಗಂಟೆ ರೆಕಾರ್ಡ್ ಮಾಡುತ್ತದೆ, ಮಳೆ ಬಡಿಯುವ ವರಾಂಡ ಮತ್ತು ಮೆಟ್ಟಿಲಿನವು ತಲಾ 7 ಗಂಟೆ, ಒಳಗಿನ 4 ಮಾತ್ರ ಅದೇ 3. ರಾತ್ರಿ ಕ್ಯಾಮೆರಾದ ಐಆರ್ (ಇನ್‌ಫ್ರಾರೆಡ್) ಬೆಳಕಿನಲ್ಲಿ ಲೆನ್ಸಿನ ಹತ್ತಿರ ಬೀಳುವ ಹನಿ ಬಿಳಿ ಗೆರೆಯಾಗಿ ಹೊಳೆಯುತ್ತದೆ. ಗಾಳಿಗೆ ಸಿಲ್ವರ್ ಮರ ಓಲಾಡುತ್ತದೆ. ಕ್ಯಾಮೆರಾ ಮೇಲೆ ಜೇಡ ಬಂದು ಬಲೆ ಕಟ್ಟುತ್ತದೆ, ಮೊದಲ ಮಳೆಗೆ ಏಳುವ ರೆಕ್ಕೆ ಬಂದ ಗೆದ್ದಲು ಲೆನ್ಸಿನ ಮುಂದೆ ಹಾರಾಡುತ್ತದೆ. ಸಾಲದ್ದಕ್ಕೆ ಕತ್ತಲಿನ ಚಿತ್ರದಲ್ಲಿ ಕಾಳು ಕಾಳು ಹೆಚ್ಚಾಗಿ ಬಿಟ್‌ರೇಟ್ ಮಿತಿ ಮುಟ್ಟುತ್ತದೆ. ಸರಾಸರಿ ಬಿಟ್‌ರೇಟ್ ಬಿಟ್ಟು ಮಿತಿಯನ್ನೇ ಲೆಕ್ಕಕ್ಕೆ ಹಿಡಿದದ್ದು ಇದೇ ಕಾರಣಕ್ಕೆ. ಈಗ ಒಟ್ಟು 140 ಗಂಟೆ, ದಿನಕ್ಕೆ 126 ಜಿಬಿ, ತಿಂಗಳಿಗೆ 3.8 ಟಿಬಿ. ಕುಶಾಲನಗರದಲ್ಲಿ ಅಳೆದ ಗಂಟೆಗಳನ್ನು ಭಾಗಮಂಡಲಕ್ಕೆ ಹಾಕಬೇಡಿ, ಎರಡೂ ಕಡೆಯ ಮಳೆಯೇ ಬೇರೆ.

ಇಲ್ಲಿ ಒಂದು ವಿಷಯ ಗಮನಿಸಿ. 18 ಗಂಟೆ ಹೇಗೂ ರೆಕಾರ್ಡ್ ಆಗುವ 4 ಗೇಟ್ ಕ್ಯಾಮೆರಾಗಳನ್ನು 24 ಗಂಟೆಗೇ ಬಿಟ್ಟರೆ ಒಟ್ಟು 164 ಗಂಟೆ, ತಿಂಗಳಿಗೆ 4.4 ಟಿಬಿ. ಹೆಚ್ಚಾಗುವುದು 0.65 ಟಿಬಿ ಮಾತ್ರ, ಮಂಜಿನಲ್ಲಿ ಚಲನೆ ಗುರುತಿಸದೆ ತಪ್ಪಿಹೋಗುವ ಭಯವೂ ಇಲ್ಲ. ಹಾಗಾಗಿ ಗೇಟಿನವನ್ನು ನಿರಂತರಕ್ಕೆ ಹಾಕಿದೆವು, ಉಳಿದ 12 ಚಲನೆಗೆ. 4.43 ಟಿಬಿಗೆ 20 ಶೇಕಡಾ ಸೇರಿಸಿದರೆ 5.3. ಒಂದು 6 ಟಿಬಿ ಸರ್ವೆಲೆನ್ಸ್ ಡಿಸ್ಕ್. ಎನ್‌ವಿಆರ್ ಅದನ್ನು ಸುಮಾರು 5,590 ಜಿಬಿ ಅಂತ ತೋರಿಸಿದರೆ ಅಂಗಡಿಯವರ ಮೇಲೆ ಅನುಮಾನ ಬೇಡ: ಡಿಸ್ಕಿನವರು ಸಾವಿರದಲ್ಲಿ ಎಣಿಸುತ್ತಾರೆ, ಎನ್‌ವಿಆರ್ 1024ರಲ್ಲಿ.

ಆ 20 ಶೇಕಡಾದಲ್ಲಿ ಧ್ವನಿಯೂ ಸೇರಿದೆ. 64 ಕೆಬಿಪಿಎಸ್ ಧ್ವನಿಗೆ ಇಡೀ ದಿನಕ್ಕೆ ಕ್ಯಾಮೆರಾಗೆ 0.7 ಜಿಬಿ, ಅದೇನೂ ದೊಡ್ಡದಲ್ಲ. ದೊಡ್ಡದು ಸಬ್‌ಸ್ಟ್ರೀಮ್. ಮೊಬೈಲಿನಲ್ಲಿ ನೋಡಲು ಇರುವ ಆ ಸಣ್ಣ ಚಿತ್ರವನ್ನೂ ಕೆಲವು ಎನ್‌ವಿಆರ್ ರೆಕಾರ್ಡ್ ಮಾಡುತ್ತವೆ. 0.5 ಎಂಬಿಪಿಎಸ್‌ನಲ್ಲಿ 16 ಕ್ಯಾಮೆರಾ ನಿರಂತರ ಓಡಿದರೆ ದಿನಕ್ಕೆ 86 ಜಿಬಿ, ಬೇಸಿಗೆಯ ಇಡೀ ಲೆಕ್ಕಕ್ಕಿಂತ ಹೆಚ್ಚು! ರೆಕಾರ್ಡಿಂಗ್ ಸೆಟ್ಟಿಂಗಿನಲ್ಲಿ ಮೇನ್‌ಸ್ಟ್ರೀಮ್ ಮಾತ್ರ ಇಡಿ.

ಚಲನೆಗೆ ಮುಂಚೆ 5 ಸೆಕೆಂಡ್, ನಂತರ 10 ಸೆಕೆಂಡ್ ಸಾಕು. ನಂತರದ್ದನ್ನು 60ಕ್ಕೆ ಬಿಟ್ಟರೆ, ನಿಮಿಷಕ್ಕೊಬ್ಬ ಹುಡುಗ ಓಡಾಡುವ ವರಾಂಡದಲ್ಲಿ ರೆಕಾರ್ಡಿಂಗ್ ನಿಲ್ಲುವುದೇ ಇಲ್ಲ. ಚಲನೆ ನೋಡುವ ಜಾಗದಿಂದ ಮರದ ತುದಿ, ಬಾಳೆಗಿಡ, ಧ್ವಜಸ್ತಂಭ ಹೊರಗಿರಲಿ. ಕ್ಯಾಮೆರಾ ಸೂರಿನ ಒಳಗಿರಲಿ, ಆದರೆ ಗೋಡೆ ಮತ್ತು ಸೂರಿನ ಅಂಚು ಐಆರ್‌ಗೆ ಅಡ್ಡ ಬಾರದಂತೆ. ಬಲೆಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಉದ್ದ ಕೋಲಿನ ಮೆದು ಬ್ರಷ್‌ನಿಂದ ತೆಗೆಸಬೇಕು.

ಬೇಕಾದ ತುಣುಕನ್ನು ವಿಷಯ ತಿಳಿದ ದಿನವೇ ಪೆನ್‌ಡ್ರೈವ್‌ಗೆ ಇಳಿಸಿ. ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ.

ಆಗಸ್ಟ್ ಮಧ್ಯದಲ್ಲಿ, ಕಕ್ಕಡ ಮುಗಿಯುವ ಹೊತ್ತಿಗೆ, ಪ್ಲೇಬ್ಯಾಕ್ ಕ್ಯಾಲೆಂಡರಿನಲ್ಲಿ ಪ್ರತಿ ಕ್ಯಾಮೆರಾದ ಅತಿ ಹಳೆಯ ದಿನಾಂಕ ನೋಡಬೇಕು. ಕರೆಂಟು ಹೋಗಿ ಎನ್‌ವಿಆರ್ ಆಫ್ ಆಗಿದ್ದ ದಿನಗಳಲ್ಲಿ ಏನೂ ಬರೆದಿರುವುದಿಲ್ಲ, ಮಳೆ ರಜೆಯಲ್ಲಿ ವರಾಂಡ ಖಾಲಿ. ಅಷ್ಟು ದಿನ ಕಳೆದು ಎಣಿಸದಿದ್ದರೆ, 25 ದಿನ ಹಿಡಿಯುವ ಡಿಸ್ಕ್ ಕೂಡ 35 ದಿನ ಹಿಡಿದಂತೆ ಕಾಣುತ್ತದೆ.