ಹದಿಮೂರು ವರ್ಷ ದುಡಿದ ಕಂಪ್ಯೂಟರನ್ನು ಬೀಳ್ಕೊಟ್ಟ ಬಗೆ

2012ರಲ್ಲಿ ಕೊಂಡ ನನ್ನ ಡೆಸ್ಕ್‌ಟಾಪ್ ಕಂಪ್ಯೂಟರನ್ನು 2025ರ ಕೊನೆಯಲ್ಲಿ ಮೇಜಿನಿಂದ ಇಳಿಸಿದೆ. ಕೊನೆಯ ದಿನದವರೆಗೂ ಅದು ಕೆಲಸ ಮಾಡುತ್ತಲೇ ಇತ್ತು. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿ ಇನ್ನಷ್ಟು ದಿನ ನಡೆಸೋಣವೆಂದು ಧೂಳು ಒರೆಸಲು ಕ್ಯಾಬಿನೆಟ್ ತೆರೆದಾಗ, ಮದರ್‌ಬೋರ್ಡಿನ ಎರಡು ಕೆಪಾಸಿಟರ್‌ಗಳ ನೆತ್ತಿ ಉಬ್ಬಿರುವುದು ಕಂಡಿತು. ಅವು ಕೆಡುತ್ತಿರುವುದರ ಗುರುತು ಅದು. ಆಗ ಮನಸ್ಸು ಗಟ್ಟಿ ಮಾಡಿಕೊಂಡೆ.

ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡುವುದು ಒಂದು ಸಂಜೆಯ ಕೆಲಸವೆಂದು ಭಾವಿಸಿದ್ದೆ. ಅದಕ್ಕೆ ಮೂರು ವಾರ ಹಿಡಿಯಿತು. ನಕಲಾದ ಕಡತಗಳ ಸಂಖ್ಯೆ ಸರಿಯಾಗಿದ್ದರೆ ಸಾಲದು, ಅವು ಹೊಸ ಯಂತ್ರದಲ್ಲಿ ತೆರೆದುಕೊಳ್ಳಬೇಕು. ಮೊದಲ ವರ್ಷಗಳಲ್ಲಿ ನಾನು ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬರೆದಿಟ್ಟಿದ್ದ ಲೇಖನಗಳೂ ಪತ್ರಗಳೂ ಈಗಿನ ಯಂತ್ರಗಳಿಗೆಲ್ಲ ತಿಳಿಯುವ ಯುನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿರದೆ, ಆ ಫಾಂಟ್‌ಗಳದೇ ಸಂಕೇತಗಳಲ್ಲಿದ್ದವು. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳು ಕಾಣಿಸಿದವು. ಹಳೆಯ ಯಂತ್ರ ಇನ್ನೂ ಜೀವಂತವಾಗಿದ್ದುದು ಆಗ ನೆರವಿಗೆ ಬಂತು: ಒಂದೊಂದನ್ನೂ ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳು ಸ್ಥಾನ ತಪ್ಪಿದ ಕಡೆ, ಹಳೆಯ ಪರದೆಯನ್ನು ಪಕ್ಕದಲ್ಲಿಟ್ಟುಕೊಂಡು ಕೈಯಿಂದಲೇ ತಿದ್ದಿದೆ. ಯಂತ್ರವನ್ನು ಮೊದಲೇ ಕೊಟ್ಟುಬಿಟ್ಟಿದ್ದರೆ ಯಾವುದಕ್ಕೆ ಹೋಲಿಸಿ ತಿದ್ದುತ್ತಿದ್ದೆ? ಆದ್ದರಿಂದ ಹೊಸದು ಬಂದ ಮೇಲೂ ಒಂದು ತಿಂಗಳಾದರೂ ಹಳೆಯದನ್ನು ಉಳಿಸಿಕೊಳ್ಳಿರೆಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ಎಲ್ಲವನ್ನೂ ಎರಡು ಬೇರೆ ಡಿಸ್ಕ್‌ಗಳಲ್ಲಿ ಇಟ್ಟ ಮೇಲೆಯೇ ಅಳಿಸುವ ಕೆಲಸಕ್ಕೆ ಕೈಹಾಕಿದೆ.

ಬ್ರೌಸರಿನಲ್ಲಿ ಉಳಿದಿದ್ದ ಪಾಸ್‌ವರ್ಡ್‌ಗಳನ್ನು ತೆಗೆದು, ಖಾತೆಗಳಿಂದ ಹೊರಬಂದು, ಹಣ ಕೊಟ್ಟು ಕೊಂಡ ತಂತ್ರಾಂಶಗಳ ಲೈಸೆನ್ಸನ್ನು ಬಿಡಿಸಿಕೊಂಡೆ.

ಕಡತವನ್ನು ಡಿಲೀಟ್ ಮಾಡಿದಾಗ ಸಾಮಾನ್ಯವಾಗಿ ಹೋಗುವುದು ಅದರ ವಿಳಾಸ ಮಾತ್ರ. ಆ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೆ ಹಾರ್ಡ್ ಡಿಸ್ಕಿನಲ್ಲಿ ಮಾಹಿತಿ ಹಾಗೆಯೇ ಕುಳಿತಿರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅಷ್ಟೇ. ಹಾಗಾಗಿ ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ, 500 ಜಿಬಿ ಡಿಸ್ಕಿನ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಸೊನ್ನೆಗಳನ್ನು ಬರೆಸಿದೆ. ಸುಮಾರು ಎರಡು ಗಂಟೆ ಆ ಡಿಸ್ಕಿನ ಪರಿಚಿತ ಗುಂಯ್‌ಗುಟ್ಟುವಿಕೆಯನ್ನು ಕೇಳುತ್ತ ಅಲ್ಲೇ ಕುಳಿತೆ. ಎದ್ದು ಹೋಗಲು ಮನಸ್ಸಾಗಲಿಲ್ಲ. ಮಧ್ಯದಲ್ಲಿ ಸೇರಿಸಿದ್ದ, ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಗೆ ಈ ವಿಧಾನ ಸಾಲದು. ಸವೆತವನ್ನು ಹಂಚಲು ಅದು ಬರಹವನ್ನು ತನ್ನೊಳಗೆ ಬೇರೆ ಬೇರೆ ಕೋಶಗಳಿಗೆ ಸರಿಸುತ್ತಿರುವುದರಿಂದ ಕೆಲವು ಕೋಶಗಳು ನಮ್ಮ ಕೈಗೆ ಸಿಗುವುದೇ ಇಲ್ಲ. ಅದಕ್ಕೆಂದೇ ಇರುವ ಸೆಕ್ಯೂರ್ ಇರೇಸ್ ಆದೇಶ ಕೊಟ್ಟೆ. ಒಂದೆರಡು ನಿಮಿಷಗಳಲ್ಲಿ ಮುಗಿಯಿತು.

ಬಳಿಕ ಪ್ಲಗ್ ಕಿತ್ತು, ಒಳಗೆ ಉಳಿದ ವಿದ್ಯುತ್ ಇಳಿಯಲೆಂದು ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದೆ. ನಾಣ್ಯದಂತಿರುವ ಸಿಆರ್ 2032 ಬ್ಯಾಟರಿಯನ್ನು ಬಿಡಿಸಿ ಬೇರೆ ಇಟ್ಟೆ. ಹಿಂದೊಮ್ಮೆ ಇದೇ ಬ್ಯಾಟರಿ ಸೋತು, ಗಡಿಯಾರ ಹಿಂದಕ್ಕೆ ಹೋಗಿ, ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳನ್ನೆಲ್ಲ ಬ್ರೌಸರ್ ತಿರಸ್ಕರಿಸಿದಾಗ, ಕಾರಣ ತಿಳಿಯದೆ ನಾನು ಎರಡು ದಿನ ಪರದಾಡಿದ್ದೆ. ಎರಡೂ ಡಿಸ್ಕ್‌ಗಳನ್ನು ನನ್ನ ಬಳಿಯೇ ಇರಿಸಿಕೊಂಡು, ಉಳಿದುದನ್ನು ಇ-ತ್ಯಾಜ್ಯ ಮರುಬಳಕೆ ಮಾಡುವ ಅಧಿಕೃತ ಘಟಕದವರಿಗೆ ಒಪ್ಪಿಸಿದೆ.

ಕೀಲಿಮಣೆಯನ್ನು ಮಾತ್ರ ಕೊಡಲಿಲ್ಲ. ನುಡಿಯ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸಲು ಎಫ್ ಕೀಲಿಯನ್ನು ಒತ್ತಬೇಕು. ಅದರ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿ, ಬೆರಳು ತಾಗುವ ಜಾಗ ನುಣ್ಣಗೆ ಹೊಳೆಯುತ್ತಿದೆ. ಈ ಬರಹವನ್ನೂ ಅದೇ ಕೀಲಿಮಣೆಯಲ್ಲಿ ಬರೆಯುತ್ತಿದ್ದೇನೆ.