ಮದುವೆ ಖರೀದಿಗೆ ಮೈಸೂರಿಗೆ ಹೊರಡುವ ಮುಂಚೆ

ಕೊಡವರ ಮದುವೆಗೆ ಜೋಮಾಲೆ (ಚಿನ್ನದ ಗುಂಡುಗಳ ಸರ), ಕೊಕ್ಕೆತಾತಿ (ಅರ್ಧಚಂದ್ರದ ಪದಕವಿರುವ ಸರ), ಪೀಚೆಕತ್ತಿ (ಗಂಡಸರು ಸೊಂಟಕ್ಕೆ ಸಿಕ್ಕಿಸುವ ಅಲಂಕಾರದ ಕತ್ತಿ) ಬೇಕಾದವರು ಮೊದಲು ನಮ್ಮ ಕೊಡಗಿನ ಕೆಲಸಗಾರರನ್ನು ಕೇಳಿ ನೋಡಿ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದಲ್ಲಿ ವಿಚಾರಿಸಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಕೈಕೆಲಸಕ್ಕೆ ಸಮಯ ಬೇಕು, ಆದ್ದರಿಂದ ಎರಡು ಮೂರು ತಿಂಗಳು ಮೊದಲೇ ಹೇಳಿಡಿ. ಸ್ವಲ್ಪ ಮುಂಗಡ ಕೊಡಿ. ಸಾಮಾನು ತರಲು ಅವರಿಗೆ ಅದೇ ಬಂಡವಾಳ.

ಜೋಮಾಲೆ ವಿಷಯದಲ್ಲಿ ಒಂದು ಮಾತು. ಅದರ ಗುಂಡುಗಳ ಒಳಗೆ ಅರಗು ತುಂಬಿರುತ್ತದೆ. ಬರೀ ಒಟ್ಟು ತೂಕ ನೋಡಬೇಡಿ. ಚಿನ್ನ ಎಷ್ಟು, ಅರಗು ಎಷ್ಟು, ಕೂಲಿ ಎಷ್ಟು ಅಂತ ಬೇರೆ ಬೇರೆಯಾಗಿ ಬಿಲ್ಲಿನಲ್ಲಿ ಬರೆಸಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕಪ್ಪು ದಾರ ಸವೆದರೆ ಮತ್ತೆ ಪೋಣಿಸಿಕೊಡಲೂ ಅವರೇ ಹತ್ತಿರ ಇರುತ್ತಾರೆ. ಇದು ದೊಡ್ಡ ಅನುಕೂಲ, ಅಲ್ವಾ?

ಕುಪ್ಪಸ, ಬ್ಲೌಸಿಗೂ ಹಾಗೇ, ಮನೆಯಲ್ಲೇ ಹೊಲಿಯುವ ಹೆಣ್ಣುಮಕ್ಕಳು ತುಂಬಾ ಜನ ಇದ್ದಾರೆ. ಇಂಟರ್ನೆಟ್ಟಿನ ಫೋಟೋ ತೋರಿಸಿ 'ಇದನ್ನೇ ಹೊಲಿಯಿರಿ, ಇನ್ನೂ ಕಡಿಮೆ ಮಾಡಿ' ಅನ್ನಬೇಡಿ. ಅವರದೇ ಡಿಸೈನ್ ಕೇಳಿ, ಹೇಳಿದ ಕೂಲಿ ಕೊಡಿ.

ನೆಂಟರಿಗೆ ಕೊಡಲು ಕಾಫಿ ಪುಡಿ ತಗೊಳ್ಳುವಾಗ ಹುರಿದ ದಿನ ಕೇಳಿ, ಚಿಕೋರಿ ಎಷ್ಟು ಶೇಕಡಾ ಇದೆ ಅಂತ ಪೊಟ್ಟಣದ ಮೇಲೆ ನೋಡಿ. ಮನೆಯಲ್ಲಿ ಕಾಯಿಸಿದ ಕಾಚಂಪುಳಿ (ಅಡುಗೆಗೆ ಹಾಕುವ ಹಣ್ಣಿನ ಹುಳಿರಸ) ಸಿಕ್ಕರೆ ಬಿಡಬೇಡಿ. ಕಪ್ಪಗೆ, ಗಟ್ಟಿಯಾಗಿರಬೇಕು.

ಇಷ್ಟವಾದರೆ ಕೆಲಸಗಾರರನ್ನು ಕೇಳಿಕೊಂಡು ಅವರ ಹೆಸರು, ನಂಬರ್ ಇಲ್ಲಿ ಹಾಕಿ. ಜಾಹೀರಾತಿಗೆ ದುಡ್ಡಿಲ್ಲದವರಿಗೆ ಅದರಿಂದಲೇ ಮುಂದಿನ ಆರ್ಡರ್ ಬರುತ್ತದೆ.